ನಲವತ್ತನೆಯ ಆರೋಗ್ಯವಂತ

ಕಿಟಕಿಯ ಗಾಜಿನ ಮೇಲೆ ಒಂದು ನೊಣ, ನಿನ್ನೆಯದೇ ಇರಬೇಕು, ಇರಲಿ ಬಿಡು, ಇವತ್ತು ನೊಣಕ್ಕೂ ಕ್ಷಮೆ, ಇವತ್ತು ನನ್ನ ದಿನ, ಈ ನಲವತ್ತನೆಯವರ ಸರದಿ ಮುಗಿದರೆ ಕೆಲಸ ಪೂರ್ತಿ, ಐದು ವರ್ಷ ಬೆನ್ನು ಬಿಡದೆ ಕಟ್ಟಿದ ಪರೀಕ್ಷೆ, ಪಾರ್ಕಿನ್ಸನ್ ಕಾಯಿಲೆ ಕೈ ನಡುಗಿಸುವ ಹತ್ತು ವರ್ಷ ಮೊದಲೇ ವಾಸನೆ ಹಿಡಿಯುವ ಮೂಗನ್ನು ಕೆಡಿಸುತ್ತದೆ, ಅಲ್ಲೇ ಅದನ್ನು ಹಿಡಿದು ತೋರಿಸುತ್ತೇನೆ ಅಂದಾಗ ಎಲ್ಲರೂ ನಕ್ಕರು, ಮೂಗು ಹಿಡಿದು ಮಿದುಳು ನೋಡ್ತೀಯೇನೇ ಅಂದರು ಗೈಡ್ ಮೇಡಂ, ಹೂಂ ಮೇಡಂ, ನೋಡ್ತೀನಿ, ಎರಡು ಸಲ ವಾಪಸ್ ಬಂದ ಪ್ರಬಂಧವನ್ನು ಮೂರನೇ ಸಲ ಕಳಿಸಿದವಳು ನಾನು, ಹಟದಲ್ಲಿ ಅಪ್ಪನ ಮಗಳೇ — ಆ ಅಪ್ಪ ಈಗ ಎದುರಿಗೇ ಕೂತಿದ್ದಾರೆ, ಕಾಯಿಲೆಯವರ ಜೊತೆ ಹೋಲಿಸಿ ನೋಡಲು ಬೇಕಾದ ಆರೋಗ್ಯವಂತರ ಗುಂಪಿಗೆ ಒಬ್ಬರು ಕಡಿಮೆ ಬಿದ್ದಿದ್ದರು, ನಾನಿಲ್ವೇನಮ್ಮ, ಗುಂಡುಕಲ್ಲಿನ ಹಾಗಿದ್ದೀನಿ ಅಂತ ತಾವೇ ಹೊರಟು ಬಂದರು, ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದಿಯಲ್ಲಿ ಗ್ರೀಸು, ಗ್ಯಾರೇಜು ಮುಚ್ಚಿ ವರ್ಷವಾದರೂ ಅದು ಹೋಗಿಲ್ಲ, ನೆಗಡಿ ಇದೆಯಾ ಅಪ್ಪ, ಇಲ್ಲ, ಮೂಗಿಗೆ ಪೆಟ್ಟೇನಾದ್ರೂ, ನಿಮ್ಮಮ್ಮ ಇನ್ನೂ ಹೊಡೆದಿಲ್ಲ, ನಗಬಾರದು, ಪರೀಕ್ಷೆ ಮಾಡುವವಳ ಮುಖದಲ್ಲಿ ಏನೂ ಕಾಣಬಾರದು, ಆ ನಿಯಮ ಬರೆದವಳೇ ನಾನು.

ಹನ್ನೆರಡು ಕಾಗದದ ಪಟ್ಟಿ, ಒಂದೊಂದಕ್ಕೂ ಒಂದು ವಾಸನೆ, ಮೊದಲನೆಯದು ಸರಿ, ಎರಡು ಸರಿ, ಮೂರು ತಪ್ಪು, ಪರವಾಗಿಲ್ಲ, ನಾಲ್ಕನೆಯದು ಪೆಟ್ರೋಲು, ಇದಂತೂ ಅಪ್ಪನಿಗೆ ಪುಕ್ಕಟೆ ಮಾರ್ಕು, ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ, ಸೀಮೆಎಣ್ಣೆ ಬೆರೆಸಿದ್ದಾರೆ ನೋಡು, ನೀನೂ ಮೂಸು ಮರಿ ಅಂತ ನನ್ನನ್ನು ಎತ್ತಿ ಹಿಡಿಯುತ್ತಿದ್ದರು, ಮೂಗಿಗೂ ಬುದ್ಧಿ ಇರುತ್ತದೆ ಅಂತ ಕಲಿಸಿದವರೇ ಇವರು — ಗುಲಾಬಿ, ಸೋಪು, ಪೆಟ್ರೋಲು, ನಿಂಬೆ, ಯಾವುದು ಹೇಳಿ ಅಪ್ಪ, ಪಟ್ಟಿಯನ್ನು ಹತ್ತಿರ ತಂದರು, ಇನ್ನೂ ಹತ್ತಿರ, ಕಣ್ಣು ಮುಚ್ಚಿ, ನಿಂಬೆ, ನಿಂಬೆಹಣ್ಣೇ ಕಣಮ್ಮ. ತಮಾಷೆ ಮಾಡುತ್ತಿದ್ದಾರೆ, ಇಲ್ಲ, ಪಟ್ಟಿ ಹಳೆಯದು, ಇಲ್ಲ, ಬೆಳಿಗ್ಗೆ ನಾನೇ ಬಿಚ್ಚಿದ್ದು, ಮೇಜಿನ ಈಚೆ ನನ್ನ ಮೂಗಿಗೇ ರಾಚುತ್ತಿದೆ, ಐದು ತಪ್ಪು, ಆರು, ಏಳು, ಕೊನೆಗೆ ಹನ್ನೆರಡಕ್ಕೆ ಮೂರೇ ಸರಿ. ಪರೀಕ್ಷೆಯೇ ತಪ್ಪು ಅನ್ನಲೇ, ಯಾವ ಬಾಯಲ್ಲಿ ಅನ್ನಲಿ, ತಪ್ಪುವುದಿಲ್ಲ ಅಂತ ಐದು ವರ್ಷ ವಾದ ಮಾಡಿದವಳು ನಾನೇ, ಹೆದರಬೇಡ ಕಣೇ, ಮೊದಲೇ ಸಿಕ್ಕಿದೆ, ಹತ್ತು ವರ್ಷ ಇದೆ, ಹತ್ತು ವರ್ಷದಲ್ಲಿ ನಾನು ಏನು ಮಾಡಲಾರೆ, ಮದ್ದು ಹುಡುಕುತ್ತೇನೆ, ಹುಡುಕಿಯೇ ತೀರುತ್ತೇನೆ, ಪಾಸಾದೆನೇನಮ್ಮ ಅನ್ನುತ್ತಿದ್ದಾರೆ ಅಪ್ಪ, ಮುಖದಲ್ಲಿ ಏನೂ ಕಾಣಬಾರದು, ಏನೂ, ಅಪ್ಪ ಮತ್ತೆ ಆ ಪೆಟ್ರೋಲಿನ ಪಟ್ಟಿಯನ್ನೇ ಎತ್ತಿಕೊಂಡಿದ್ದಾರೆ, ಎಷ್ಟು ಚೆನ್ನಾಗಿದೆಯಮ್ಮ ಇದು, ಮೂಗಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ನಗುತ್ತಾ, ನಿಂಬೆ, ಮೂಗಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ