ಯಾಕೆ ಕೊಟ್ಟೆ, ಹೇಳು

ಬೋಳು ತಲೆಯ ಮೇಲೆ ಹೊಸ ಬಾಚಣಿಗೆ ಆಡಿಸುತ್ತಾ ಡ್ರೈವರ್ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಎರಡಡಿ ದೂರದಲ್ಲಿ ಅವನ ಮಾವ ಶವಪೆಟ್ಟಿಗೆಯೊಳಗೆ ಮಲಗಿದ್ದರು. ಸುತ್ತ ಕುರ್ಚಿ ಹಾಕಿಕೊಂಡು ಕೂತವರು ನಗಬೇಕೋ ಅಳಬೇಕೋ ತಿಳಿಯದೆ ತಮ್ಮ ತಮ್ಮ ಚಹಾ ಲೋಟಗಳನ್ನೇ ನೋಡಿಕೊಳ್ಳುತ್ತಿದ್ದರು.

“ಬೋಳನಿಗೆ ಬಾಚಣಿಗೆ ಕೊಟ್ಟು ಹೋದರಲ್ಲ ನಮ್ಮ ಮಾವ!” ಅಂದ ಡ್ರೈವರ್. “ಯಾಕೆ ಗೊತ್ತಾ? ಮದುವೆ ದಿನ ನನಗೆ ತಲೆ ತುಂಬ ಕೂದಲಿತ್ತು. ಕೊನೇವರೆಗೂ ಅವರ ಕಣ್ಣಿಗೆ ನಾನು ಆ ಹುಡುಗನೇ.”

“ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ,” ಅಂದರು ಅತ್ತೆ. ಅವರು ಸತ್ತವರ ತಂಗಿ. ಎಪ್ಪತ್ತು ದಾಟಿದ್ದರೂ ಬಿಳಿ ಜಡೆ ಸೊಂಟದ ಕೆಳಗಿಳಿಯುತ್ತಿತ್ತು. “ನನ್ನ ಕತೆ ಕೇಳಿ ಅಳಿಯಂದ್ರೆ. ನನಗೆ ಬಂದಿದ್ದು ಅಲಾರಾಂ ಗಡಿಯಾರ. ಅದೂ ಬೆಳಗಿನ ಜಾವ ನಾಲ್ಕೂವರೆಗೆ ಇಟ್ಟಿದ್ದಾನೆ ಅಣ್ಣ. ಹುಟ್ಟಿದಾಗಿನಿಂದ ಎಂಟಕ್ಕೆ ಮುಂಚೆ ಎದ್ದವಳಲ್ಲ ನಾನು. ‘ಇನ್ನಾದರೂ ಬೇಗ ಎದ್ದು ಪ್ರಾರ್ಥನೆ ಮಾಡೇ ಸೋಮಾರಿ’ ಅಂತ ಹೇಳೇ ಹೋಗಿದ್ದಾನೆ. ಇವತ್ತು ಎದ್ದೆ. ಮಾಡಿದೆ.”

ಈ ಮನೆಯಲ್ಲಿ ಕ್ರಿಸ್‌ಮಸ್ ಎಂದರೆ ಇದೇ ಆಟ. ಈಗ ಪೆಟ್ಟಿಗೆಯಲ್ಲಿ ಮಲಗಿದ್ದ ಅಪ್ಪ ಪೊಟ್ಟಣ ಕೊಡುತ್ತಿದ್ದರು. ಬಿಚ್ಚಿದವರು ಒಬ್ಬೊಬ್ಬರಾಗಿ ತಮಗೇನು ಬಂತು ಎಂದು ಎಲ್ಲರಿಗೂ ಹೇಳಬೇಕು. ಹೇಳಿದ ಕೂಡಲೇ ಅಪ್ಪ, “ಯಾಕೆ ಕೊಟ್ಟೆ, ಹೇಳು?” ಎಂದು ಕೇಳುತ್ತಿದ್ದರು. ಕಾರಣ ಹುಡುಕುವುದು ಪಡೆದವರ ಪಾಲಿನ ಕೆಲಸ. ಸರಿ ಎಂದಾಗಲಿ ತಪ್ಪು ಎಂದಾಗಲಿ ಅವರು ಎಂದೂ ಬಾಯಿಬಿಟ್ಟವರಲ್ಲ, ಮೀಸೆಯಲ್ಲೇ ನಗುತ್ತಿದ್ದರು. ಈ ಸಲ ಹಬ್ಬದ ದಿನ ಅಪ್ಪ ಆಸ್ಪತ್ರೆಯ ಶೈತ್ಯಾಗಾರದಲ್ಲಿದ್ದರು. ಹೇಳುವ ಆಟ ಹಾಗೇ ಉಳಿದುಹೋಗಿ, ಮಾರನೆಯ ದಿನ ಅವರ ಪೆಟ್ಟಿಗೆಯ ಸುತ್ತ ತಾನಾಗಿ ಶುರುವಾಗಿತ್ತು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ಇದು ಬೇಗ ನಿಂತರೆ ಸಾಕಾಗಿತ್ತು. ಬೆಳಗಿನಿಂದ ಅವಳು ಕಾಲು ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ಓಡಾಡುತ್ತಿದ್ದಳು. ತಂದೆ ಸತ್ತ ಮಗಳಲ್ಲವೇ, ಪಾಪ, ಎಂದು ಜನ ಅಂದುಕೊಂಡರು. ಡ್ರೈವರ್ ಅವಳ ಗಂಡ. ಅವನೂ ಹಾಗೇ ಅಂದುಕೊಂಡಿದ್ದ.

“ನಿನಗೇನು ಬಂತಪ್ಪ?” ಅತ್ತೆ ಚಪ್ಪಲಿ ಗೂಡಿನ ಪಕ್ಕದ ಕುರ್ಚಿಯತ್ತ ತಿರುಗಿದರು. ಅಲ್ಲಿ ಅಕ್ಕನ ತಮ್ಮ ಕೂತಿದ್ದ. ತಾಯಿ ಹೋದ ಮೇಲೆ ಒಂಬತ್ತು ವರ್ಷ ಈ ಮನೆಯ ಹೊಸಿಲು ತುಳಿಯದಿದ್ದವನು, ಅಂದು ಬೆಳಿಗ್ಗೆ ಬಂದಿದ್ದ.

“ಕತ್ತರಿ,” ಅಂದ ತಮ್ಮ. “ಅಪ್ಪನ ಕತ್ತರಿ.”

ಆ ಕತ್ತರಿ ಕೊಟ್ಟದ್ದು ಯಾಕೆ ಎಂದು ಯಾರೂ ಕೇಳಲಿಲ್ಲ.

* * *

ಎರಡು ದಿನದ ಹಿಂದೆ, ಅಪ್ಪ ತೀರಿಕೊಂಡ ಮರುದಿನ ಬೆಳಿಗ್ಗೆ, ಹೂಳುವಾಗ ತೊಡಿಸಲು ಕೋಟು ಹುಡುಕುತ್ತಾ ಅಕ್ಕ ಅವರ ಬೀರು ತೆಗೆದಿದ್ದಳು. ಕೋಟಿನ ಕೆಳಗೆ ಪೊಟ್ಟಣಗಳಿದ್ದವು. ನಾಲ್ಕು. ಒಂಬತ್ತು ವರ್ಷದಿಂದ ಈ ಮನೆಯಲ್ಲಿ ಪೊಟ್ಟಣ ಮೂರೇ: ಅತ್ತೆಗೊಂದು, ಅಳಿಯನಿಗೊಂದು, ಮಗಳಿಗೊಂದು. ಅವಳು ಬೆರಳಿಟ್ಟು ಮತ್ತೆ ಎಣಿಸಿದಳು. ನಾಲ್ಕೇ.

ಅಪ್ಪ ಮೂವತ್ತಾರು ವರ್ಷ ದೊಡ್ಡ ಅಂಗಡಿಯೊಂದರ ಉಡುಗೊರೆ ಕಟ್ಟುವ ಕೌಂಟರಿನಲ್ಲಿ ನಿಂತವರು. ಊರಿಗೆಲ್ಲ ‘ಪ್ಯಾಕಿಂಗ್ ಮೇಷ್ಟ್ರು’. ಅವರು ಕಟ್ಟಿದ ಪೊಟ್ಟಣದಲ್ಲಿ ಒಂದು ಸುಕ್ಕು ಹುಡುಕಿದವರಿಲ್ಲ. ಆದರೆ ಪೊಟ್ಟಣದ ಮೇಲೆ ಹೆಸರು ಬರೆಯುವುದೆಂದರೆ ಅವರಿಗೆ ಆಗದು. ಮೈಮೇಲೆ ಹೆಸರು ಬರೆದುಕೊಂಡು ಯಾರಾದರೂ ಮದುವೆಗೆ ಹೋಗ್ತಾರಾ, ಎನ್ನುತ್ತಿದ್ದರು. ತಮ್ಮ ಕೈಯಾರೆ ಕೊಡುತ್ತಿದ್ದುದರಿಂದ ಹೆಸರಿನ ಅಗತ್ಯವೂ ಬಿದ್ದಿರಲಿಲ್ಲ.

ಆ ಬೆಳಿಗ್ಗೆಯಷ್ಟೇ ಅವಳ ತಮ್ಮ ಫೋನಿನಲ್ಲಿ, “ಬಂದು ಏನು ಮಾಡ್ಲಿ ಅಕ್ಕ? ಇದ್ದಾಗಲೇ ಮಾತಿರಲಿಲ್ಲ,” ಎಂದು ಇಟ್ಟುಬಿಟ್ಟಿದ್ದ. ಈಗ ಅವಳ ಕೈಯಲ್ಲಿ ನಾಲ್ಕನೆಯ ಪೊಟ್ಟಣವಿತ್ತು. ಯಾವುದು ನಾಲ್ಕನೆಯದು ಎಂಬುದಷ್ಟೇ ಗೊತ್ತಿರಲಿಲ್ಲ. ಹನ್ನೊಂದಕ್ಕೆ ಗಂಡ ಬಸ್ ತೆಗೆಯುತ್ತಿದ್ದ, ತಮ್ಮನ ಊರಿನ ಮೇಲೆಯೇ ಹೋಗುವ ಬಸ್. ಯೋಚಿಸಲು ಹೊತ್ತಿರಲಿಲ್ಲ. ಅವಳು ನಾಲ್ಕನ್ನೂ ಕೈಯಲ್ಲಿ ತೂಗಿ ನೋಡಿದಳು. ಎಲ್ಲಕ್ಕಿಂತ ಭಾರದ್ದಕ್ಕೆ ತಮ್ಮನ ಹೆಸರಿನ ಚೀಟಿ ಅಂಟಿಸಿ ಗಂಡನ ಕೈಗೆ ಕೊಟ್ಟಳು. ಬರಬೇಕಾದವನಿಗೆ ಭಾರದ್ದೇ ಹೋಗಲಿ ಎಂದುಕೊಂಡಳು. ಉಳಿದವಕ್ಕೆ ಕೈಗೆ ಬಂದ ಹಾಗೆ ಹೆಸರು ಹಾಕಿ, ತನಗೆ ಉಳಿದದ್ದನ್ನು ಮತ್ತೆ ಬೀರುವಿನಲ್ಲಿಟ್ಟಳು.

ಗಂಡ ಬಾಚಣಿಗೆ ಬಿಚ್ಚಿದಾಗಲೇ ಹೆಸರು ಅದಲುಬದಲಾಯಿತೇನೋ ಎಂಬ ಅನುಮಾನ ಅವಳಿಗೆ ಬಂದಿತ್ತು. ತನ್ನ ಪೊಟ್ಟಣವನ್ನು ಬಿಚ್ಚುವ ಧೈರ್ಯ ಆಮೇಲೆ ಬರಲಿಲ್ಲ.

* * *

“ಅಕ್ಕ, ಒಂದು ನಿಮಿಷ.” ತಮ್ಮ ಹಿತ್ತಲ ಬಾಗಿಲಿಗೆ ಬಂದ. ಲಿಫ್ಟ್ ರಿಪೇರಿಯವನು; ಉಗುರಿನ ಸಂದಿಯ ಗ್ರೀಸ್ ಎಷ್ಟು ತೊಳೆದರೂ ಹೋಗಿರಲಿಲ್ಲ. “ಪೆಟ್ಟಿಗೆ ಯಾವಾಗ ಮುಚ್ತಾರೆ?”

“ಹನ್ನೊಂದಕ್ಕೆ. ಇನ್ನು ಅರ್ಧ ಗಂಟೆ ಇದೆ. ಯಾಕೋ?”

“ಕತ್ತರೀನ ಅಪ್ಪನ ಕೈಯಲ್ಲೇ ಇಟ್ಟುಬಿಡ್ತೀನಿ.”

“ನಿನಗೆ ಕೊಟ್ಟಿದ್ದಲ್ವೇನೋ?”

“ಕೊಟ್ಟರಲ್ಲ, ಅಷ್ಟು ಸಾಕು ನನಗೆ.” ಅವನು ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯತೊಡಗಿದ. “ಪೊಟ್ಟಣ ಇಳಿಸಿಕೊಂಡಾಗಲೂ ಬರಲ್ಲ ಅಂತಲೇ ಇದ್ದೆ. ಭಾವಂಗೂ ಅದೇ ಹೇಳಿ ಕಳಿಸಿದೆ. ಬಸ್ಸು ಹೋದ ಮೇಲೆ ಬಿಚ್ಚಿ ನೋಡಿದೆ. ಆ ಬಸ್ ಸ್ಟ್ಯಾಂಡಿನ ಬೆಂಚಿಂದ ಏಳೋಕೇ ಆಗಲಿಲ್ಲ ಅಕ್ಕ. ಮೂವತ್ತು ವರ್ಷದ ಹಿಂದೆ ಆಡಬೇಕಿದ್ದ ಮಾತು. ಈಗ ಆಡಿದರು.”

ಅಕ್ಕನಿಗೆ ಹೇಳಬೇಕೆನ್ನಿಸಿತು. ನಾಲಿಗೆ ತುದಿಗೂ ಬಂತು. ಆದರೆ ಅವನ ಮುಖ ನೋಡಿದರೆ, ಹತ್ತು ವರ್ಷದ ಹುಡುಗನೊಬ್ಬ ಕೊನೆಗೂ ಅಳು ನಿಲ್ಲಿಸಿದ ಹಾಗಿತ್ತು. ಅವಳು ನುಂಗಿಕೊಂಡಳು.

* * *

ಆ ಹತ್ತು ವರ್ಷದ ಹುಡುಗ ಅಂಗಡಿಗೆ ಅಪ್ಪನ ಊಟದ ಡಬ್ಬಿ ತಂದಿದ್ದ. ಒಂದು ಕಂಕುಳಲ್ಲಿ ಗಾಳಿಪಟ. ಎರಡು ಕೈಗೂ ಕೆಲಸವಿದ್ದುದರಿಂದ ದಾರದ ಮರದ ಸುರುಳಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದ. ಹಬ್ಬದ ವಾರ, ಕೌಂಟರಿನ ಮುಂದೆ ಸಾಲು ಬಾಗಿಲವರೆಗೂ ಬೆಳೆದಿತ್ತು. ಅಪ್ಪ ರಿಬ್ಬನ್ ಕತ್ತರಿಸಲು ಹೋದರೆ ಕತ್ತರಿ ಕಚ್ಚಿಕೊಂಡಿತು. ಎತ್ತಿ ನೋಡಿದರು: ಅಲಗಿನ ನಡುವೆ ಅಕ್ಕಿಕಾಳಿನಷ್ಟು ಕಚ್ಚು. ಹಿಂದಿನ ದಿನ ಅದು ಮನೆಗೆ ಬಂದಾಗ ಹುಡುಗ ಗಾಳಿಪಟದ ತಂತಿಯನ್ನು ಅದರಲ್ಲೇ ಕತ್ತರಿಸಿದ್ದ.

ಅಪ್ಪ ಜನ್ಮದಲ್ಲಿ ಕೈಯೆತ್ತಿದ್ದು ಅದೊಂದೇ ಸಲ. ಗಿರಾಕಿಗಳ ಸಾಲಿನ ಮುಂದೆ ಛಟೀರೆಂದು ಕೆನ್ನೆಗೆ ಬಿತ್ತು. ಗಾಳಿಪಟ ಮುದುರಿ ಕಸದ ಬುಟ್ಟಿಗೆ ಹೋಯಿತು, ಸುರುಳಿಯೂ ಹೋಯಿತು.

ಆ ಕ್ರಿಸ್‌ಮಸ್‌ಗೆ ಹುಡುಗನ ಪೊಟ್ಟಣದಲ್ಲಿ ಬಣ್ಣದ ಪೆನ್ಸಿಲ್ ಇದ್ದವು. ಸರದಿ ಬಂದಾಗ, ನಿನಗೇನು ಬಂತೋ ಎಂದು ಎಲ್ಲರೂ ಕೇಳಿದರು. “ಏಟು,” ಅಂದ ಹುಡುಗ.

ಅಪ್ಪ ಆ ಸಲ ಅವನನ್ನು ಯಾಕೆ ಕೊಟ್ಟೆ ಎಂದು ಕೇಳಲಿಲ್ಲ. ಆಮೇಲಿನ ಯಾವ ವರ್ಷವೂ ಅವನನ್ನು ಕೇಳಲಿಲ್ಲ. ಇಬ್ಬರೂ ಹಟದಲ್ಲಿ ಒಬ್ಬರಿಗೊಬ್ಬರು ಅಚ್ಚೊತ್ತಿದ ಹಾಗಿದ್ದರು. ತಾಯಿ ಇರುವವರೆಗೆ ಅವಳ ಮೂಲಕ ಮಾತಾಡಿದರು, ಅವಳು ಹೋದ ಮೇಲೆ ಅದೂ ನಿಂತಿತು.

* * *

ಹತ್ತೂಮುಕ್ಕಾಲಿಗೆ ಕೋಲೂರಿಕೊಂಡು ಕ್ಯಾಷಿಯರಮ್ಮ ಬಂದರು. ಅದೇ ಅಂಗಡಿಯಲ್ಲಿ ಅಪ್ಪನ ಪಕ್ಕದ ಗಲ್ಲಾಪೆಟ್ಟಿಗೆಯ ಹಿಂದೆ ಇಪ್ಪತ್ತೆಂಟು ವರ್ಷ ಕೂತವರು. ಅತ್ತು ಮುಗಿಸಿ ನೀರು ಕೇಳಿಕೊಂಡು ಅಡುಗೆಮನೆಗೆ ಬಂದರು. ಕಟ್ಟೆಯ ಮೇಲೆ ಅತ್ತೆಯ ಗಡಿಯಾರಕ್ಕೆ ಸುತ್ತಿದ್ದ ಕಾಗದ ಬಿದ್ದಿತ್ತು. ಹಳೇ ಅಭ್ಯಾಸ, ಅವರ ಕೈ ತಾನಾಗಿ ಅದನ್ನು ಸವರಿ ನೆಟ್ಟಗೆ ಮಾಡತೊಡಗಿತು.

“ಇದು ಎರಡನೆಯವರದ್ದಲ್ವಾ? ಯಾರಮ್ಮ ನಿಮ್ಮಲ್ಲಿ ಎರಡನೆಯವರು?” ಅಂದರು.

“ಎರಡನೆಯವರು ಅಂದ್ರೆ?” ಅಂದಳು ಅಕ್ಕ.

“ಅಯ್ಯೋ, ನಿಮಗೆ ಹೇಳೇ ಇಲ್ವಾ ಮೇಷ್ಟ್ರು? ಕೌಂಟರಲ್ಲಿ ಒಬ್ಬರೇ ಹತ್ತು ಸಾಮಾನು ತಂದು ಸುರೀತಿದ್ದರು. ಹೆಸರು ಬರೆಯೋಕೆ ಪುರುಸೊತ್ತೆಲ್ಲಿ? ಕಾಗದದ ಅಡಿ ಅಂಚಲ್ಲಿ ಪುಟ್ಟ ಪುಟ್ಟ ಮಡಿಕೆ ಹಾಕ್ತಿದ್ದರು. ಅವರ ಪಟ್ಟೀಲಿ ಮೊದಲನೆಯವರಿಗೆ ಒಂದು ಮಡಿಕೆ, ಎರಡನೆಯವರಿಗೆ ಎರಡು. ಮನೆಯವರಿಗೂ ಹಾಗೇ ಮಾಡ್ತೀನಿ, ವಯಸ್ಸಿನ ಪ್ರಕಾರ, ಅಂತಿದ್ದರು. ನೋಡು, ಇಲ್ಲಿ ಎರಡಿದೆ.”

ವಯಸ್ಸಿನಲ್ಲಿ ಮೊದಲು ಅತ್ತೆ. ಎರಡನೆಯವನು ಅಕ್ಕನ ಗಂಡ, ಬೆಳಗಿನ ಮೊದಲ ಬಸ್ಸಿಗೆ ವಾರಕ್ಕೆರಡು ಸಲ ತಡವಾಗಿ ಹೋಗಿ ಬೈಸಿಕೊಳ್ಳುವ ಡ್ರೈವರ್. ನಾಲ್ಕೂವರೆಯ ಅಲಾರಾಂ ಯಾರಿಗೆ, ಬಾಚಣಿಗೆ ಯಾವ ಜಡೆಗೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಇನ್ನೊಂದು ಹೊತ್ತಲ್ಲಾದರೆ ಅಕ್ಕ ಬಿದ್ದು ಬಿದ್ದು ನಗುತ್ತಿದ್ದಳು.

ಅವಳು ಕೋಣೆಗೆ ಹೋಗಿ ಬೀರು ತೆಗೆದು ತನ್ನ ಪೊಟ್ಟಣ ಎತ್ತಿಕೊಂಡಳು. ಅಡಿ ಅಂಚಿನ ಮೇಲೆ ಉಗುರು ಎಳೆದಳು. ಒಂದು. ಎರಡು. ಮೂರು. ಅಲ್ಲಿಗೆ ನಿಲ್ಲಲಿ ದೇವರೇ, ಮೂರು ಎಂದರೆ ನಾನು. ಉಗುರು ಇನ್ನೊಂದಕ್ಕೆ ತಗುಲಿತು.

ನಾಲ್ಕು. ಇದು ತಮ್ಮನದು. ಹಾಗಾದರೆ ಕತ್ತರಿ?

ಆರು ವರ್ಷ ಅಪ್ಪನಿಗೆ ಔಷಧಿ ಕೊಟ್ಟು, ಸ್ನಾನ ಮಾಡಿಸಿ, ರಾತ್ರಿಯೆಲ್ಲ ಕೆಮ್ಮು ಕೇಳಿಸಿಕೊಂಡವಳು ಅವಳು. ಒಂದು ದಿನ ಅವರು ಶಹಬ್ಬಾಸ್ ಅಂದವರಲ್ಲ. ಮನೆಯಲ್ಲಿ ಯಾರಿಗೂ ಮುಟ್ಟಲು ಕೊಡದ ಕತ್ತರಿಯನ್ನು ಅವಳಿಗೆಂದು ಕಟ್ಟಿ ಇಟ್ಟಿದ್ದರು. ಅದನ್ನು ಅವಳೇ ಕೈಯಾರೆ ಬಸ್ಸಿಗೆ ಹಾಕಿ ಕಳಿಸಿದ್ದಳು. ಇನ್ನು ಹತ್ತು ನಿಮಿಷಕ್ಕೆ ಅದು ಮಣ್ಣಿಗೆ ಹೋಗುವುದಿತ್ತು. ಅವಳಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು, ತನ್ನ ಮೇಲೇ.

ಆದರೆ ಹೇಳುವುದು ಹೇಗೆ? ಕೈಯಲ್ಲಿದ್ದ ಪೊಟ್ಟಣ ಹಗುರವಾಗಿತ್ತು. ಒಳಗೆ ಒಂದು ಜೊತೆ ಕಾಲುಚೀಲ ಇದ್ದರೆ? ಕತ್ತರಿಯನ್ನು ಕ್ಷಮೆ ಎಂದು ಎದೆಗೊತ್ತಿಕೊಂಡು ಬಂದವನ ಕೈಯಿಂದ ಅದನ್ನು ಕಿತ್ತು, ಕಾಲುಚೀಲ ಕೊಟ್ಟು ಕಳಿಸುವುದೇ? ಬಿಚ್ಚಿ ನೋಡಿಬಿಡಬಹುದಿತ್ತು. ಬೆರಳು ರಿಬ್ಬನ್ನಿನ ತನಕ ಹೋಯಿತು. ಬೇರೆಯವರ ಪೊಟ್ಟಣ ಬಿಚ್ಚುವುದು ಅವರ ಕಾಗದ ಓದಿದ ಹಾಗೆ, ಎನ್ನುತ್ತಿದ್ದರು ಅಪ್ಪ. ಬೆರಳು ಹಿಂದೆ ಬಂತು.

ನಡುಮನೆಯಿಂದ ಕುರ್ಚಿ ಸರಿಸುವ ಸದ್ದು ಕೇಳಿಸಿತು. “ಮುಚ್ಚೋಣವಾ?” ಎಂದು ಪೆಟ್ಟಿಗೆಯವನು ಕೇಳುತ್ತಿದ್ದ.

ಅವಳು ಹೊರಗೆ ಬಂದಾಗ ತಮ್ಮ ಪೆಟ್ಟಿಗೆಯ ಮೇಲೆ ಬಗ್ಗಿದ್ದ. ಅಪ್ಪನ ಮಡಿಸಿದ ಕೈಗಳ ಕೆಳಗೆ ಕತ್ತರಿಯ ಹಿಡಿ ಆಗಲೇ ಅರ್ಧ ಸೇರಿತ್ತು.

“ನಿಲ್ಲೋ!” ಅಕ್ಕನ ದನಿ ಅವಳಿಗೇ ಜೋರಾಗಿ ಕೇಳಿತು. “ಅದು ನಿಂದಲ್ಲ.”

ಎಲ್ಲರೂ ತಿರುಗಿದರು.

“ಅಪ್ಪ ಯಾವುದರ ಮೇಲೂ ಹೆಸರು ಬರೆದಿರಲಿಲ್ಲ. ಬರೆದಿದ್ದು ನಾನು. ಅಂದಾಜಲ್ಲಿ ಬರೆದೆ. ಎಲ್ಲಾ ತಪ್ಪಾಗಿದೆ.” ಅವಳು ಕೈಯಲ್ಲಿದ್ದ ಪೊಟ್ಟಣ ಚಾಚಿದಳು. “ನಿಂದು ಇದು. ನಾಲ್ಕು ಮಡಿಕೆ ಇದೆ, ಬೇಕಾದರೆ ಎಣಿಸು. ಒಳಗೇನಿದೆಯೋ ನನಗೂ ಗೊತ್ತಿಲ್ಲ ಕಣೋ. ಬೈಯೋದಿದ್ದರೆ ಬಿಚ್ಚಿದ ಮೇಲೆ ಬೈ.”

ಅತ್ತೆ ತಮ್ಮ ಜಡೆ ನೋಡಿಕೊಂಡರು, ಅಳಿಯನ ಕೈಯ ಬಾಚಣಿಗೆ ನೋಡಿದರು. ಡ್ರೈವರ್ ಅದನ್ನು ಮೆಲ್ಲಗೆ ಜೇಬಿಗಿಳಿಸಿದ. ಪೆಟ್ಟಿಗೆಯವನು ಮುಚ್ಚಳವನ್ನು ಗೋಡೆಗೆ ಒರಗಿಸಿ ನಿಂತ.

ತಮ್ಮ ಕತ್ತರಿಯನ್ನು ಹೊರಗೆಳೆದು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕುರ್ಚಿಯಲ್ಲಿ ಕೂತ. ರಿಬ್ಬನ್ ಗಂಟು ಬಿಡಿಸಿದ. ಕಾಗದ ಹರಿಯಲಿಲ್ಲ, ಈ ಮನೆಯಲ್ಲಿ ಬೆಳೆದವರು ಕಾಗದ ಹರಿಯುವುದಿಲ್ಲ. ಒಂದೊಂದೇ ಮಡಿಕೆ ಬಿಡಿಸುತ್ತಾ ಹೋದ. ಅಕ್ಕನಿಗೆ ಅವನ ಬೆರಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಒಳಗೆ ಮರದ ಸುರುಳಿ. ಅದರ ಮೈತುಂಬ ಅಂಗಡಿಯ ಕೆಂಪು ಬಿಳಿ ದಾರ, ಒಂದರ ಮೇಲೊಂದು ಏರದಂತೆ ಸುತ್ತಿದ್ದು. ಮರ ಹಳೆಯದು. ಒಂದು ಅಂಚಿನಲ್ಲಿ ಸಣ್ಣ ಸಣ್ಣ ಕುಳಿಗಳ ಸಾಲಿತ್ತು. ತಮ್ಮ ಅದರ ಮೇಲೆ ಹೆಬ್ಬೆರಳು ಸವರಿದ. ಹತ್ತು ವರ್ಷದ ಹುಡುಗನ ಹಲ್ಲಿನ ಗುರುತು.

“ಅದನ್ನ ಮೇಷ್ಟ್ರು ಅವತ್ತೇ ಕಸದ ಬುಟ್ಟಿಯಿಂದ ಎತ್ತಿಟ್ಟುಕೊಂಡರು,” ಅಂದರು ಕ್ಯಾಷಿಯರಮ್ಮ. “ಮನೆಗೆ ಹೋದ ಕೂಡಲೇ ಕೊಡ್ತೀನಿ ಅಂದಿದ್ದರು.”

ಅತ್ತೆಗೆ ತಡೆಯಲಾಗಲಿಲ್ಲ. “ಯಾಕೆ ಕೊಟ್ಟ, ಹೇಳಪ್ಪ,” ಅಂದರು.

ತಮ್ಮ ಕತ್ತರಿಯನ್ನು ತೊಡೆಯ ಮೇಲಿಂದ ಎತ್ತಿಕೊಂಡ. ಸುರುಳಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದ. ಕತ್ತರಿಯನ್ನು ತಿರುಗಿಸಿದ. ಅಲಗುಗಳನ್ನು ತನ್ನ ಮುಷ್ಟಿಯೊಳಗೆ ಮುಚ್ಚಿ, ಅಪ್ಪ ಕೌಂಟರಿನಲ್ಲಿ ಮೂವತ್ತಾರು ವರ್ಷ ಪಕ್ಕದವರಿಗೆ ಕತ್ತರಿ ಕೊಡುತ್ತಿದ್ದ ಹಾಗೇ, ಹಿಡಿಯನ್ನು ಅಕ್ಕನ ಕಡೆಗೆ ಚಾಚಿದ.