ಮೂರು ಸುತ್ತಿನ ಗಂಟು

“ನಾಳೆ ನಾನು ಸತ್ರೂ ಹಿಂಗೇ ಕೊಯ್ಯಾಕೆ ಕೊಡ್ತೀಯೇನಣ್ಣ?”

ಗುಂಡಿಯ ಪಕ್ಕದಲ್ಲಿ ಸತ್ತ ಎತ್ತಿನ ಮೈ ತೊಳೆಯುತ್ತಿದ್ದ ನನ್ನ ತಮ್ಮ ಮಾರಣ್ಣ, ಅದರ ಹೊಟ್ಟೆಯ ಮೇಲಿನ ಹೊಲಿಗೆ ಕಂಡು ತಂಬಿಗೆಯನ್ನು ನನ್ನ ಕಾಲ ಬುಡಕ್ಕೆ ಎಸೆದ. ನಾನೂ ಸುಮ್ಮನಿರುವ ಪೈಕಿ ಅಲ್ಲ. ಬಾಯಿ ಮುಚ್ಚಲೇ ಅಂದೆ.

ನಮ್ಮ ಹಟ್ಟಿಯ ದೇವರ ಎತ್ತುಗಳನ್ನು ಕಾಯುವ ಕಿಲಾರಿ ಅವನು. ಹದಿನಾರು ವರ್ಷದಿಂದ ಅದೇ ಕೆಲಸ. ಈ ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲ. ಸತ್ತರೆ ಹಿರಿಯರಿಗೆ ಮಾಡಿದ ಹಾಗೆ ಹಾಲು ಬಿಟ್ಟು, ಬಟ್ಟೆ ಹೊದಿಸಿ ಮಣ್ಣು ಮಾಡುತ್ತೇವೆ. ಮೈಗೆ ಕಬ್ಬಿಣ ಸೋಕಬಾರದು. ಮಾರಣ್ಣ ಮದುವೆಯಾಗಿರಲಿಲ್ಲ. ನನ್ನ ಹೆಂಡತಿ ಬರಗೇರಮ್ಮ ತೀರಿಕೊಂಡು ಎಂಟು ವರ್ಷವಾಗಿತ್ತು. ಮನೆಯಲ್ಲಿ ನಾವಿಬ್ಬರೇ.

ಎತ್ತು ಮೇವು ಬಿಟ್ಟು, ಮುಂಗಾಲು ಅಗಲಿಸಿ ನಿಂತುಬಿಟ್ಟಿತ್ತು. ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಊದಿತ್ತು. ಹಿರಿಯೂರಿನ ದನದ ಡಾಕ್ಟರು ಬೆಂಗಳೂರಿನ ಕಾಲೇಜಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಉಳಿದ ಎತ್ತುಗಳನ್ನು ಬಿಟ್ಟು ಕಿಲಾರಿ ಬರುವಂತಿಲ್ಲ, ಲಾರಿಯಲ್ಲಿ ನಾನೇ ಹೋದೆ. ಹೊರಡುವಾಗ ಮಾರಣ್ಣ ಅದರ ಕಿವಿಯಲ್ಲಿ ಏನೋ ಹೇಳಿದ.

ಅಲ್ಲಿ ಒಬ್ಬ ಡಾಕ್ಟರು ಮೇಷ್ಟರು, ಸುತ್ತ ಮೂವತ್ತು ವಿದ್ಯಾರ್ಥಿಗಳು. ಒಬ್ಬೊಬ್ಬರೂ ಎತ್ತಿನ ಎದೆಗೆ ಕೊಳವೆ ಇಟ್ಟು ಬಡಿತ ಕೇಳಿದರು. ನಮ್ಮ ದೇವರೇನು ನಿಮ್ಮ ಪಾಠದ ಹಲಗೆಯೇ ಎಂದು ರೇಗಿದೆ. ಇವರೇ ನಾಳೆ ನಿಮ್ಮ ಊರಿಗೆ ಬರುವವರು, ಇಲ್ಲಿ ಕೇಳದಿದ್ದರೆ ಅಲ್ಲಿ ಹೇಗೆ ಗುರುತಿಸುತ್ತಾರೆ ಎಂದರು ಮೇಷ್ಟರು. ಮರುದಿನ ಬೆಳಗ್ಗೆ ಎತ್ತು ಸತ್ತಿತು. ಕೊಯ್ದು ನೋಡಲೇ ಎಂದು ಕೇಳಿದರು. ಬೇಡ ಅಂದೆ. ಉಳಿದವಕ್ಕೂ ಹೀಗೇ ಆದರೆ ಎಂದರು. ಹೊಲಿದು ಕೊಡಬೇಕು ಎಂದು ಮಾತು ತೆಗೆದುಕೊಂಡು ಒಪ್ಪಿದೆ. ಬೆರಳುದ್ದದ ತಂತಿಯೊಂದು ಹೊಟ್ಟೆಯಿಂದ ದಾಟಿ ಹೃದಯಕ್ಕೆ ನಾಟಿತ್ತು.

ಇದನ್ನೆಲ್ಲ ಮಾರಣ್ಣನಿಗೆ ನಿಧಾನವಾಗಿ ಹೇಳಬಹುದಿತ್ತು. ತಂತಿಯನ್ನು ದಾರಿಯಲ್ಲೇ ಎಸೆಯಲೂಬಹುದಿತ್ತು. ಆದರೆ ಹಟ್ಟಿಯವರೆಲ್ಲ ನಿಂತು ನೋಡುತ್ತಿದ್ದರು, ತಮ್ಮ ನನ್ನನ್ನು ಪಾಪಿ ಅನ್ನುತ್ತಿದ್ದ. ಪಂಚೆಯ ಗಂಟು ಬಿಚ್ಚಿ ತಂತಿಯನ್ನು ಅವನ ಮುಖಕ್ಕೆ ಹಿಡಿದೆ.

“ನೋಡಲೇ. ಸಂಕ್ರಾಂತಿಗೆ ಕಾಗದದ ಹೂವಿನ ಹಾರ ಕಟ್ಟಿದ್ಯಲ್ಲ, ಅದರ ತಂತಿ ಇದು. ಮೇವಿನಾಗೆ ಬಿದ್ದು ಹೊಟ್ಟೆ ಸೇರೈತೆ. ಕೊಂದೋರು ಕೊಯ್ದೋರಲ್ಲ, ನೀನು.”

ತಂತಿಯ ತುದಿಯಲ್ಲಿ ಮೂರು ಸುತ್ತಿನ ಗಂಟಿತ್ತು. ಹಗ್ಗವಾಗಲಿ ದಾರವಾಗಲಿ, ಮಾರಣ್ಣ ಎಡಗೈಯಿಂದ ತಿರುವಿ ಹಾಕುತ್ತಿದ್ದ ಗಂಟು. ನಾನು ಗುರುತು ಹಿಡಿದದ್ದೂ ಅದರಿಂದಲೇ. ಅವನು ತಂತಿಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಹಾಲು ಬಿಟ್ಟ, ಬಟ್ಟೆ ಹೊದಿಸಿದ, ಮಣ್ಣು ಎಳೆದ. ಕಿಲಾರಿಯ ಕೋಲನ್ನು ಆ ಮಣ್ಣಿನ ಮೇಲೆ ಮಲಗಿಸಿ ಹೊಸದುರ್ಗದ ದಾರಿ ಹಿಡಿದು ನಡೆದ.

ಉಣ್ಣಾಕೆ ಬಾರಲೇ ಎಂದು ಕೂಗಿದ್ದರೆ ತಿರುಗುತ್ತಿದ್ದನೋ ಏನೋ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಸಂಜೆ ಎತ್ತುಗಳನ್ನು ಕೂಡುವ ರೊಪ್ಪಕ್ಕೆ ಹೋಗಿ, ಕಂಬಗಳಲ್ಲಿ ನೇತಾಡುತ್ತಿದ್ದ ಹಳೆಯ ಹಾರಗಳ ತಂತಿಯನ್ನೆಲ್ಲ ಬಿಚ್ಚಿದೆ. ಎಲ್ಲ ಗಂಟೂ ಮೂರು ಸುತ್ತು. ಅದು ಎಪ್ಪತ್ತನಾಲ್ಕನೇ ಇಸವಿ. ಈಗ ಐದು ಸಂಕ್ರಾಂತಿ ಕಳೆದಿವೆ. ಹೋದವನು ಬರಲಿಲ್ಲ.