ಮೋರಿಸ್ ಕಾರಿನ ಎಡಬಾಗಿಲು

ಟಕ್‌ಟಕ್ ಎಂದು ಸಣ್ಣ ಸದ್ದಾಯಿತು. ಉನಾ ತಲೆಯೆತ್ತಿದಳು.

ರಾತ್ರಿ ಎರಡೂವರೆ. ಮುಂಗೋಣೆಯಲ್ಲಿ ಅಪ್ಪ ಫಿಂಟನ್ ತೆರೆದ ಶವಪೆಟ್ಟಿಗೆಯೊಳಗೆ ಮಲಗಿದ್ದ. ಬೆರಳುಗಳಿಗೆ ಜಪಮಾಲೆ ಸುತ್ತಿದ್ದರು. ಕಾವಲಿಗೆಂದು ಕೂತಿದ್ದ ಇಬ್ಬರು ನೆರೆಯವರು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಸದ್ದು ಹಿತ್ತಲಿನ ಗ್ಯಾರೇಜಿನಿಂದ ಬಂದಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂತು.

ಸರಿಯಾಗಿ ಕೂತ ಕಾರಿನ ಬಾಗಿಲು ಒಂದೇ ಸದ್ದು ಮಾಡುತ್ತದೆ. ಎರಡು ಬಂದರೆ ಬಾಗಿಲು ಜೋತಿದೆ ಎಂದರ್ಥ. ಅದು ಮೊದಲು ಕೊಕ್ಕೆಗೆ ಬಡಿದು, ಆಮೇಲೆ ಅದರ ಮೇಲೆ ಹತ್ತಿ ಕೂರುತ್ತದೆ. ಇಪ್ಪತ್ತೈದು ವರ್ಷ ಅಪ್ಪನ ಜೊತೆ ಟಿಂಕರಿಂಗ್ ಕೆಲಸ ಮಾಡಿದ ಉನಾಳಿಗೆ ಇದನ್ನು ಕಣ್ಣಿನಿಂದ ನೋಡಬೇಕಾಗಿರಲಿಲ್ಲ.

ಕೋಟು ಹೆಗಲಿಗೇರಿಸಿಕೊಂಡು ಅವಳು ಹಿತ್ತಲಿಗೆ ಹೋದಳು. ಹಸಿರು ಮೋರಿಸ್ ಕಾರಿನ ಪಕ್ಕದಲ್ಲಿ ಚಿಕ್ಕಪ್ಪ ಕ್ರಿಸ್ಟಿ ಮಂಡಿಯೂರಿದ್ದ. ಕಾರಿನ ಎಡಬಾಗಿಲು ಮಾತ್ರ ಕೆನೆಬಣ್ಣದ್ದು, ಬೇರೆ ಯಾವುದೋ ಕಾರಿನದು. ವಿಸ್ಕಿ ಬಾಟಲಿ ಕಾರಿನ ತಲೆಯ ಮೇಲಿತ್ತು.

"ಇನ್ನೂ ಮಲಗಿಲ್ವಾ ಚಿಕ್ಕಪ್ಪ?"

"ನಿಮ್ಮಪ್ಪ ನನ್ನ ಪಾಲಿನದೂ ಸೇರಿಸಿ ಮಲಗಿದಾನಲ್ಲ." ಅವನು ಬಾಗಿಲನ್ನು ಮತ್ತೆ ತಳ್ಳಿದ. ಟಕ್‌ಟಕ್. "ಈ ದರಿದ್ರದ್ದು ಕೂರ್ತಾನೇ ಇಲ್ಲ ಕಣೆ. ಬೆಳಿಗ್ಗೆ ಶವವಾಹನದ ಹಿಂದೆ ಅತ್ತಿಗೆ ಇದರಲ್ಲೇ ಕೂತು ಹೋಗ್ಬೇಕು. ಫಾದರ್‌ಗೆ ಹೇಳಿದೀನಿ. ಊರಿಗೆಲ್ಲ ಹೇಳಿದೀನಿ."

"ಅಮ್ಮನ್ನ ಕೇಳಿದ್ಯಾ?"

"ಕೇಳೋದೇನಿದೆ? ಒಂಬತ್ತು ತಿಂಗಳು ಅವನು ಈ ಬಾಗಿಲ ಜೊತೆ ಗುದ್ದಾಡಿದ್ದು ಯಾರಿಗೋಸ್ಕರ? ಸ್ಪ್ಯಾನರ್ ಕೈಲಿ ಹಿಡ್ಕೊಂಡೇ ಪ್ರಾಣ ಬಿಟ್ಟ ಕಣೆ." ಕ್ರಿಸ್ಟಿಯ ಕಣ್ಣು ನಿಜವಾಗಿಯೇ ಒದ್ದೆಯಾಗಿತ್ತು. "ನಂಗೆ ಆಗ್ತಿಲ್ಲ. ನಿನ್ನ ಕೈಲಿ ಆಗುತ್ತೆ. ನಿಂದು ಅವನದೇ ಕೈ."

"ಬೆಳಿಗ್ಗೆ ನೋಡ್ತೀನಿ, ಹೋಗಿ ಮಲಕ್ಕೊ," ಎಂದಳು ಉನಾ.

ಆದರೆ ಆಗಲೇ ಅವಳು ನಿರ್ಧರಿಸಿದ್ದಳು. ಬಾಗಿಲು ಕೂರದಿದ್ದರೆ ವಿಧವೆಯನ್ನು ಆ ಕಾರಿನಲ್ಲಿ ಕೂರಿಸಲು ಯಾರೂ ಒಪ್ಪುವುದಿಲ್ಲ. ಶವಸಂಸ್ಕಾರದವರ ಕಪ್ಪು ಕಾರು ಹೇಗೂ ಇದೆ. ಅಮ್ಮ ಅದರಲ್ಲಿ ಹೋಗುತ್ತಾಳೆ. ಯಾಕೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಒಂದು ಗಂಟೆ ಗುದ್ದಾಡಿದಂತೆ ಮಾಡಿ, ಆಗಲಿಲ್ಲ ಎಂದು ಕೈ ಒರೆಸಿಕೊಂಡರೆ ಸಾಕು.

*

ಅದು ಹಿಂದಿನ ಫೆಬ್ರುವರಿಯ ಒಂದು ಭಾನುವಾರ. ಅಮ್ಮನ ಕೈಚೀಲದಲ್ಲಿ ಅಪ್ಪನಿಗೆ ಸ್ಲೈಗೋಗೆ ಹೋಗುವ ಬಸ್ಸಿನ ಟಿಕೆಟ್ ಸಿಕ್ಕಿತ್ತು. ಹೋಗುವುದಕ್ಕೆ ಮಾತ್ರ, ಹಿಂದಿರುಗುವುದಕ್ಕೆ ಇರಲಿಲ್ಲ. ಅಲ್ಲಿ ಅವಳ ಅಕ್ಕನ ಮನೆಯಿತ್ತು.

ಮೊದಲ ಏಟಿಗೆ ಅಮ್ಮ ಡೀಲಿಯಾ ಅಡುಗೆಮನೆಯ ಗೋಡೆಗೆ ಬಡಿದು ಬಿದ್ದಳು. ಎರಡನೆಯದು ಬೀಳುವ ಮೊದಲೇ ಎದ್ದು ಅಂಗಳಕ್ಕೆ ಓಡಿ, ಮೋರಿಸ್ಸಿನ ಎಡಗಡೆ ಹತ್ತಿ ಒಳಗಿನಿಂದ ಭದ್ರಪಡಿಸಿಕೊಂಡಳು. ಫಿಂಟನ್ ಬೆನ್ನಟ್ಟಲಿಲ್ಲ. ಗ್ಯಾರೇಜಿಗೆ ಹೋಗಿ ದೊಡ್ಡ ಸುತ್ತಿಗೆ ತಂದ.

"ಕ್ರಿಸ್ಟಿ, ನೀನು ಆ ಕಡೆ ಬಾಗಿಲು ಹಿಡ್ಕೊ. ಗಟ್ಟಿಯಾಗಿ ಹಿಡ್ಕೊ."

ಊಟಕ್ಕೆ ಬಂದಿದ್ದ ಕ್ರಿಸ್ಟಿ ಹೋಗಿ ಬಲಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಮುಖ ಮಾತ್ರ ರಸ್ತೆಯ ಕಡೆಗಿತ್ತು.

ಉನಾ ಅಡುಗೆಮನೆಯ ಕಿಟಕಿಯಲ್ಲಿದ್ದಳು. ಕೈಯಲ್ಲಿ ಒದ್ದೆ ತಟ್ಟೆ. ಅಪ್ಪ ಕಂಡ ಕಂಡಲ್ಲಿ ಹೊಡೆಯಲಿಲ್ಲ. ತಗಡು ಎಲ್ಲಿ ತೆಳು, ಒಳಗಿನ ಪಟ್ಟಿ ಎಲ್ಲಿ ಮುಗಿಯುತ್ತದೆ ಎಂದು ತಿಳಿದವನಂತೆ, ಒಂದರ ಪಕ್ಕ ಒಂದು ಏಟು ಇಟ್ಟ. ಹದಿನೇಳು ಏಟು. ಒಳಗೆ ಅಮ್ಮ ಸೀಟಿನ ಮೇಲೆ ಮುದುಡಿಕೊಂಡು ಕಿವಿ ಮುಚ್ಚಿಕೊಂಡಿದ್ದಳು. ಒಮ್ಮೆ ಆ ಕಡೆಯ ಬಾಗಿಲಿಗೆ ಹಾರಿ ಎರಡೂ ಕೈಯಿಂದ ತಳ್ಳಿದಳು. ಕ್ರಿಸ್ಟಿಯ ಬೆನ್ನು ಅಲುಗಲಿಲ್ಲ. ಕೊನೆಗೆ ಗಾಜು ಒಳಗೆ ಉದುರಿತು. ಫಿಂಟನ್ ಕೈ ಹಾಕಿ, ಕೂದಲು ಹಿಡಿದು, ಆ ಕಿಟಕಿಯಿಂದಲೇ ಅವಳನ್ನು ಹೊರಗೆಳೆದ. ನೆಲಕ್ಕೆ ಬಿದ್ದವಳನ್ನು ಒದ್ದ. ಪಕ್ಕೆಲುಬು ಎರಡು ಮುರಿದವು.

ಸಂಜೆ ಪಕ್ಕದ ಮನೆಯ ಅಸಂಪ್ಟಾ ಬಂದು, "ಅಯ್ಯೋ, ಕಾರಿಗೆ ಏನಾಯ್ತು?" ಎಂದಾಗ, ಯಾರೂ ಬಾಯಿ ತೆರೆಯುವ ಮೊದಲೇ ಉತ್ತರ ಕೊಟ್ಟವಳು ಉನಾ.

"ಗೇಟಿನ ಕಂಬಕ್ಕೆ ಹೊಡೀತು. ಪಾಪ, ಅಮ್ಮನೂ ಒಳಗಿದ್ದಳು."

*

ಬೆಳಿಗ್ಗೆ ಅಡುಗೆಮನೆ ತುಂಬ ಜನ, ಟೀ, ಹಂದಿಮಾಂಸದ ಸ್ಯಾಂಡ್‌ವಿಚ್. ಕಪ್ಪುಡುಪಿನ ಡೀಲಿಯಾ ಕೇಳಿದವರಿಗೆಲ್ಲ ಟೀ ಬಗ್ಗಿಸುತ್ತಿದ್ದಳು, ಬೇರೆ ಯಾರದೋ ಮನೆಗೆ ಸಹಾಯಕ್ಕೆ ಬಂದವಳ ಹಾಗೆ.

"ಎಂಥಾ ಕೈ ಅವನದು," ಎಂದಳು ಅಸಂಪ್ಟಾ. "ನನ್ನ ಕಾರಿನ ತಗ್ಗು ತೆಗೀವಾಗ ಮಗು ಬೆನ್ನು ತಟ್ಟಿದ ಹಾಗೆ ತಟ್ಟಿದ ನೋಡು. ನಮ್ಮನೆಯವರು ಹಸೂನೂ ಹಾಗೆ ಮುಟ್ಟಲ್ಲ."

"ನಿನ್ನ ಮುಟ್ತಾನೋ ಇಲ್ವೋ, ಅದು ಹೇಳು," ಎಂದ ಬಾಗಿಲ ಬಳಿ ನಿಂತಿದ್ದ ಕ್ರಿಸ್ಟಿಯ ಮಗ ಕೋಲಂ.

"ಥೂ, ಹೆಣ ಇಟ್ಕೊಂಡು ಮಾತಾಡೋ ಮಾತಾ ಇದು!" ಎಂದು ಅವಳು ನಗು ತಡೆಯುತ್ತ ಅವನ ತೋಳಿಗೆ ಹೊಡೆದಳು. "ಡೀಲಿಯಾ, ನೀನು ಪುಣ್ಯವಂತೆ ಕಣೆ. ಅವನು ನಿನಗೋಸ್ಕರ ರಿಪೇರಿ ಮಾಡಿದ ಕಾರಲ್ಲೇ ಅವನನ್ನ ಕಳಿಸಿಕೊಡೋಕೆ ಹೋಗ್ತೀಯ."

ಡೀಲಿಯಾ ಅವಳ ಲೋಟವನ್ನೂ ತುಂಬಿಸಿದಳು. ಚೂರೂ ಚೆಲ್ಲಲಿಲ್ಲ. ಉನಾ ಆ ಕೈಯನ್ನೇ ನೋಡುತ್ತಿದ್ದಳು. ಅಳುವ ಅಮ್ಮನನ್ನು ಸಂಭಾಳಿಸುವುದು ಅವಳಿಗೆ ಗೊತ್ತಿತ್ತು. ಈ ಅಲುಗದ ಕೈಯ ಅಮ್ಮ ಆ ಸೀಟಿನಲ್ಲಿ ಕೂತರೆ ಏನು ಮಾಡುತ್ತಾಳೆ, ಇಷ್ಟು ಜನರ ಮುಂದೆ ಏನು ಹೇಳುತ್ತಾಳೆ ಎಂಬುದು ಗೊತ್ತಿರಲಿಲ್ಲ.

ಅವಳು ಗ್ಯಾರೇಜಿಗೆ ಹೋಗಿ ಬಾಗಿಲು ಎಳೆದುಕೊಂಡಳು. ಒಂಬತ್ತೂವರೆ.

ಮೊದಲು ಕಾರಿನ ಬಾಗಿಲ ಚೌಕಟ್ಟಿನ ಕಂಬದ ಮೇಲಿನ ಕೊಕ್ಕೆಯನ್ನು ಬಿಚ್ಚಬೇಕು. ಅದು ಇರುವ ತನಕ ಬಾಗಿಲಿನ ನಿಜ ಗೊತ್ತಾಗುವುದಿಲ್ಲ. ಅದು ಜೋತ ಬಾಗಿಲನ್ನು ಎತ್ತಿ ಹಿಡಿದು ನೆಟ್ಟಗೆ ತೋರಿಸುತ್ತದೆ. ಹೀಗೆ ಕಲಿಸಿದವನು ಅಪ್ಪನೇ. ಉನಾ ಎರಡು ತಿರುಪು ತೆಗೆದು ಕೊಕ್ಕೆಯನ್ನು ಕೈಗೆ ತೆಗೆದುಕೊಂಡ ಕೂಡಲೇ ಬಾಗಿಲಿನ ಹಿಂದಿನ ಅಂಚು ಅರ್ಧ ಬೆರಳು ಕೆಳಗೆ ಜಗ್ಗಿತು. ಅವಳು ನೋಡುತ್ತ ನಿಂತಳು. ಒಂಬತ್ತು ತಿಂಗಳಲ್ಲಿ ಅಪ್ಪ ಕೀಲನ್ನು ಮುಟ್ಟಿಯೇ ಇರಲಿಲ್ಲ. ಕೊಕ್ಕೆಯನ್ನು ಮೇಲೇರಿಸಿ, ಜೋತದ್ದನ್ನು ಮುಚ್ಚಿದ್ದ, ಅಷ್ಟೇ. ಬೇರೆಯವರ ಕಾರಿಗೆ ಅವಳು ಹೀಗೆ ಮಾಡಿದ್ದರೆ ಅವನೇ ಕೆನ್ನೆಗೆ ಬಾರಿಸುತ್ತಿದ್ದ. ಬಾರಿಸಿಯೂ ಇದ್ದ.

ಹಾಗೆಯೇ ಕೊಕ್ಕೆ ತಿರುಗಿಸಿ ಹಾಕಿ ಒಳಗೆ ಹೋಗಬಹುದಿತ್ತು. ಬೇಕಾಗಿದ್ದುದು ಅದೇ. ಆದರೆ ಕೆಳಗಿನ ಕೀಲಿನ ಹಿಂದೆ ಒಂದು ತೆಳು ತಗಡು ಇಟ್ಟರೆ ಎಷ್ಟು ಏಳುತ್ತದೆ ಎಂದು ಅವಳ ಕಣ್ಣು ಅಳೆಯಿತು. ಇಟ್ಟು ನೋಡಿದಳು. ಅರ್ಧ ಎದ್ದಿತು. ಮೇಲಿನ ಕೀಲಿನ ಸಂದಿಗೆ ಮರದ ತುಂಡು ಕೊಟ್ಟು, ಬಾಗಿಲಿಗೆ ಹೆಗಲು ಕೊಟ್ಟು ಒತ್ತಿದಳು. ಲೋಹ ನರಳಿ ಬಾಗಿತು. ತುಂಡು ತೆಗೆದು, ಮುಚ್ಚಿ ನೋಡಿ, ಮತ್ತೆ ಕೊಟ್ಟು ಒತ್ತಿದಳು. ಬೆವರು ಕಣ್ಣಿಗಿಳಿಯಿತು. ಹೊರಗೆ ಯಾರೋ ನಕ್ಕರು, ಯಾರೋ ಕೆಮ್ಮಿದರು; ಅವಳಿಗೆ ಕೇಳಿಸಲಿಲ್ಲ. ಹಳೆಯ ಪೆನ್ನಿ ನಾಣ್ಯವನ್ನು ಸಂದಿನಲ್ಲಿಟ್ಟು ಮೇಲಿನಿಂದ ಕೆಳತನಕ ಎಳೆದಾಗ ಅದು ಎಲ್ಲೂ ಸಿಕ್ಕಲಿಲ್ಲ. ಕೊಕ್ಕೆ ಹಾಕಿ ಬಾಗಿಲು ತಳ್ಳಿದಳು.

ಟಕ್.

ಒಂದೇ. ಉನಾಳ ಮುಖ ಒಂದು ಗಳಿಗೆ ಅರಳಿತು. ಆಮೇಲೆ ತಾನೇನು ಮಾಡಿದೆನೆಂದು ಹೊಳೆಯಿತು.

ಆ ಹೊತ್ತಿಗೆ ಗ್ಯಾರೇಜಿನ ಬಾಗಿಲು ಸರಿಯಿತು. ಕ್ರಿಸ್ಟಿ ಅತ್ತಿಗೆಯ ತೋಳು ಹಿಡಿದು ಒಳಗೆ ಬಂದ.

"ಕೇಳಿಸ್ತು ಕಣೆ! ಅಲ್ಲಿಂದಲೇ ಕೇಳಿಸ್ತು. ಒಂದೇ ಸದ್ದು! ನಾನು ಹೇಳಿರ್ಲಿಲ್ವಾ ಅತ್ತಿಗೆ? ಬನ್ನಿ, ಕೂತ್ಕೊಳ್ಳಿ. ಪೆಟ್ಟಿಗೆ ಗಾಡಿಗೆ ಏರಿಸಿ ಆಯ್ತು."

"ಚಿಕ್ಕಪ್ಪ, ಅಮ್ಮ ಆ ಕಪ್ಪು ಕಾರಲ್ಲೇ..."

"ಪರವಾಗಿಲ್ಲ ಉನಾ," ಎಂದಳು ಡೀಲಿಯಾ. "ಕೂತ್ಕೋತೀನಿ."

ಅವಳು ಸೀಟಿನ ಅಂಚಿಗೆ ಕೂತು, ಕಾಲೆತ್ತಿ ಒಳಗಿಟ್ಟುಕೊಂಡು, ಲಂಗ ಸರಿಪಡಿಸಿಕೊಂಡಳು. ಕ್ರಿಸ್ಟಿ ಬಗ್ಗಿ ಕೊಕ್ಕೆಯ ಪಕ್ಕದ ಕಂಬದ ಅಂಚನ್ನು ಬೆರಳಿಂದ ಸವರಿದ.

"ದೇವರ ಕೆಲಸ ಕಣೆ. ಅಣ್ಣ ನೋಡ್ಬೇಕಿತ್ತು. ಏನೇ ಅನ್ನಿ ಅತ್ತಿಗೆ, ಕೋಪ ಒಂದು ಬಿಟ್ರೆ ಚಿನ್ನದಂಥ ಮನುಷ್ಯ. ನೀವೂ ಒಂಚೂರು ಹೊಂದ್ಕೊಂಡು ಹೋಗಿದ್ರೆ..." ನಾಲ್ಕೂ ಬೆರಳು ಕಂಬದ ಮೇಲೆಯೇ ಇದ್ದವು.

"ಹಿಡ್ಕೊಂಡಿದೀಯಾ ಕ್ರಿಸ್ಟಿ?" ಎಂದಳು ಡೀಲಿಯಾ. "ಗಟ್ಟಿಯಾಗಿ ಹಿಡ್ಕೊಂಡಿದೀಯಾ?"

ಅವನು ತಲೆಯೆತ್ತಿದ. ಅವನಿಗೆ ಅರ್ಥವಾದದ್ದನ್ನು ಉನಾ ಅವನ ಮುಖದಲ್ಲೇ ಕಂಡಳು. ಡೀಲಿಯಾ ಎರಡೂ ಕೈಯಿಂದ ಬಾಗಿಲನ್ನು ಎಳೆದಳು.

ಎಲುಬಿನ ಸದ್ದು, ಆಮೇಲೆ ಕ್ರಿಸ್ಟಿಯ ಕೂಗು. ಅವನು ಮಂಡಿಯ ಮೇಲೆ ಕುಸಿದ. ಕೈ ಮಾತ್ರ ಅಲ್ಲೇ ಸಿಕ್ಕಿಕೊಂಡಿತ್ತು. ಕೆನೆಬಣ್ಣದ ಮೇಲೆ ರಕ್ತ ಗೆರೆಯಾಗಿ ಇಳಿಯಿತು. ಗಾಜಿನ ಆಚೆ ಅಮ್ಮ ಹಿಡಿಕೆಯನ್ನು ಎದೆಗೆ ಎಳೆದು ಹಿಡಿದೇ ಇದ್ದಳು, ಕಣ್ಣು ಮಿಟುಕಿಸದೆ ಎದುರಿನ ಗೋಡೆಯನ್ನು ನೋಡುತ್ತ. ಉನಾ ಬಾಗಿಲಿನಿಂದ ಒಂದೇ ಹೆಜ್ಜೆ ದೂರದಲ್ಲಿದ್ದಳು. ಒಂದು ಉಸಿರು ಎಳೆದಳು. ಇನ್ನೊಂದು. ಮೂರನೆಯದಕ್ಕೆ ಕೈ ಚಾಚಿ ಬಾಗಿಲನ್ನು ತೆರೆದಳು.

ಜನ ಓಡಿ ಬಂದರು. "ಏನಾಯ್ತು, ಏನಾಯ್ತು?" ಅಸಂಪ್ಟಾ ಟವೆಲು ತಂದು ಕೈಗೆ ಸುತ್ತಿದಳು. ಎರಡು ಬೆರಳು ಚರ್ಮದಲ್ಲಷ್ಟೇ ನೇತಾಡುತ್ತಿದ್ದವು. ಕ್ರಿಸ್ಟಿ ಹಲ್ಲು ಕಚ್ಚಿಕೊಂಡಿದ್ದ. ಅತ್ತಿಗೆಯ ಕಡೆಗಾಗಲಿ ಉನಾಳ ಕಡೆಗಾಗಲಿ ನೋಡಲಿಲ್ಲ. ಅಸಂಪ್ಟಾಳ ಗಂಡನ ಕಾರು ಹತ್ತಿ ಆಸ್ಪತ್ರೆಗೆ ಹೋದ.

"ಹೊತ್ತಾಯ್ತು," ಎಂದಳು ಡೀಲಿಯಾ ಸೀಟಿನಿಂದಲೇ. "ಹೊರಡೋಣ."

ಉನಾ ಬಾಗಿಲನ್ನು ಒರೆಸಿ, ಮುಚ್ಚಿ, ಸುತ್ತಿ ಹೋಗಿ ಸ್ಟಿಯರಿಂಗ್ ಹಿಡಿದಳು. ಕಾರು ಶವವಾಹನದ ಹಿಂದೆ ಚರ್ಚಿನ ಕಡೆ ಹೊರಟಿತು. ಬೀದಿಯ ಎರಡೂ ಕಡೆ ಅಂಗಡಿಗಳು ಅರ್ಧ ಮುಚ್ಚಿದ್ದವು. ಗಂಡಸರು ಟೋಪಿ ತೆಗೆದು ನಿಂತಿದ್ದರು.

*

ಪೆಟ್ಟಿಗೆಯನ್ನು ಚರ್ಚಿನೊಳಗೆ ಹೊರಲು ಆರು ಜನ ನಿಗದಿಯಾಗಿದ್ದರು. ಮುಂದಿನ ಎಡಗಡೆ ಕ್ರಿಸ್ಟಿಯ ಜಾಗ ಖಾಲಿಯಿತ್ತು.

"ನಾನು ಹೊರ್ತೀನಿ," ಎಂದಳು ಉನಾ.

ಅವಳ ಜೋಡಿ ಕೋಲಂ. ಇಬ್ಬರೂ ಪೆಟ್ಟಿಗೆಯ ಅಡಿಯಿಂದ ತೋಳು ಚಾಚಿ ಒಬ್ಬರ ಹೆಗಲು ಒಬ್ಬರು ಹಿಡಿದರು. ಓಕ್ ಮರದ ಅಂಚು ಅವಳ ಕೆನ್ನೆಗೆ ಒತ್ತುತ್ತಿತ್ತು. ಹಿಂದೆ ಜಲ್ಲಿಯ ಮೇಲೆ ಅಮ್ಮನ ಹೆಜ್ಜೆ ಒಂದೇ ಸಮನೆ ಕೇಳುತ್ತಿತ್ತು.

"ಅಕ್ಕ," ಎಂದ ಕೋಲಂ, ತುಟಿ ಅಲ್ಲಾಡದ ಹಾಗೆ. "ಅಪ್ಪ ಬಾಯೇ ಬಿಡ್ತಿಲ್ಲ. ಫೋನ್ ಮಾಡಿದ್ರೂ ಏನೂ ಇಲ್ಲ ಅಂತಾನೆ. ನೀನು ಅಲ್ಲೇ ಇದ್ದೆಯಲ್ಲ."

ಅವಳು ನಡೆದಳು.

"ದೊಡ್ಡಮ್ಮಂಗೆ ಅಪ್ಪನ ಕೈ ಅಲ್ಲಿರೋದು ಕಾಣಿಸ್ಲಿಲ್ವಾ? ಅವನಿನ್ನು ಸುತ್ತಿಗೆ ಹಿಡಿಯೋ ಹಾಗಿಲ್ಲ ಕಣೆ. ನಿಜ ಹೇಳು. ಏನಾಯ್ತು?"

ಅವನ ಬೆರಳು ಅವಳ ಹೆಗಲಲ್ಲಿ ನೆಟ್ಟಿದ್ದವು. ಗೇಟಿನ ಕಂಬದ ಸುಳ್ಳಿಗೆ ಅವಳು ಒಂದು ಕ್ಷಣವೂ ಯೋಚಿಸಿರಲಿಲ್ಲ. ಅದು ತಾನಾಗಿ ಬಾಯಿಗೆ ಬಂದಿತ್ತು. ಈಗ ಹತ್ತು ಹೆಜ್ಜೆಗಳಷ್ಟು ಯೋಚಿಸಿದಳು. ಇವನಿಗೆ ಹೇಳುವುದಿಲ್ಲ. ಅಸಂಪ್ಟಾಳಿಗೂ ಇಲ್ಲ. ಶನಿವಾರ ಜಾಲರಿಯ ಆಚೆ ಕೂತು ಪಾಪನಿವೇದನೆ ಕೇಳುವ ಫಾದರ್‌ಗೂ ಇಲ್ಲ. ಅಮ್ಮ ಎಳೆದದ್ದನ್ನೂ ಹೇಳುವುದಿಲ್ಲ, ತಾನು ಎಳೆದ ಆ ಮೂರು ಉಸಿರನ್ನೂ ಹೇಳುವುದಿಲ್ಲ.

"ಮೆಟ್ಟಿಲು ಬಂತು ಕೋಲಂ," ಎಂದಳು. "ಕಾಲು ನೋಡ್ಕೊ."

ಅವಳು ಅವನಿಗಿಂತ ಗಿಡ್ಡ. ಮೊದಲ ಮೆಟ್ಟಿಲಿಗೆ ಪೆಟ್ಟಿಗೆ ಅವಳ ಕಡೆ ವಾಲಿತು. ಹಲಗೆಯ ಆಚೆ, ಕೆನ್ನೆಗೆ ನಾಲ್ಕು ಬೆರಳು ದೂರದಲ್ಲಿ, ಅಪ್ಪನ ಭಾರ ಮೆಲ್ಲನೆ ಅವಳತ್ತ ಸರಿದು ನಿಂತಿತು.